ಮೂಸಂಬಿ ಸಾಕು, ಆಸ್ಪತ್ರೆ ನಮ್ಮದು



ನಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ ವರ್ಷಕ್ಕೆ ನಾಲ್ಕಾರು ಸಲ ಹಬ್ಬ ಬರುತ್ತದೆ. ಯಾರೋ ಮುಖಂಡರ ಹುಟ್ಟಿದ ದಿನ. ಬುಟ್ಟಿ ತುಂಬ ಮೂಸಂಬಿ, ಬ್ರೆಡ್ಡು. ಒಂದು ಮೂಸಂಬಿ ಕೊಡೋದಕ್ಕೆ ಹತ್ತು ಕೈ, ಫೋಟೋಕ್ಕೆ ಇಪ್ಪತ್ತು ಮುಖ. ಮಂಚದ ಮೇಲೆ ನರಳ್ತಾ ಮಲಗಿರೋ ಮುದುಕಿಗೆ ‘ಈ ಕಡೆ ನೋಡಜ್ಜಿ’ ಅಂತಾರೆ. ಪಾಪ, ಅವಳು ನೋಡ್ತಾಳೆ. ಅವರು ಹೋದ ಮೇಲೆ ಸಿಪ್ಪೆ ಗುಡಿಸೋಳು ನಮ್ಮ ಕೇರಿಯ ಹೆಣ್ಣುಮಗಳು. ಮಂಚದ ಮೇಲಿರೋಳೂ ನಮ್ಮವಳೇ. ಉಳ್ಳವರು ಜ್ವರ ಬಂದ ದಿನವೇ ಕಾರು ಹತ್ತಿ ನಗರಕ್ಕೆ ಹೋದರು. ಈ ಆಸ್ಪತ್ರೆ ಉಳಿದಿರೋದು ನಮಗೆ. ಇದು ಕೆಟ್ಟರೆ ಸಾಯೋರು ನಾವು. ಹಾಗಿದ್ದ ಮೇಲೆ ಇದನ್ನು ನೋಡಿಕೊಳ್ಳೋ ಕೆಲಸವನ್ನು ಮೂಸಂಬಿಯವರಿಗೆ ಬಿಟ್ಟು ಕೂತಿದ್ದೇವಲ್ಲ, ಯಾಕೆ?

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಹಾಸ್ಟೆಲಿನ ಗೇಟಿನ ಹತ್ತಿರ ಒಬ್ಬ ಕೂಲಿಯವನು ಬಂದು ನಿಂತ. ಕೈಯಲ್ಲಿ ಒಂದು ಚೀಟಿ. ಹೆಂಡತಿ ತುಂಬು ಬಸುರಿ, ಮೈಯಲ್ಲಿ ರಕ್ತವೇ ಇಲ್ಲ, ನಾಳೆ ಆಪರೇಷನ್ನು. ಆಸ್ಪತ್ರೆಯ ಫ್ರಿಜ್ಜಿನಲ್ಲಿ ಅವಳ ಗುಂಪಿನ ರಕ್ತ ಇಲ್ಲ, ಜಿಲ್ಲಾ ಕೇಂದ್ರದಿಂದ ಎರಡು ಚೀಲ ತಗೊಂಬಾ, ಕೊಡೋರನ್ನೂ ಕರಕೊಂಡು ಹೋಗು ಅಂದಿದ್ದಾರೆ. ಊರಲ್ಲಿ ಇನ್ನೂ ದೀಪ ಉರೀತಿದ್ದದ್ದು ನಮ್ಮ ಹಾಸ್ಟೆಲಿನಲ್ಲಿ ಮಾತ್ರ. ‘ಬುದ್ಧೀ, ನೀವು ಓದ್ದೋರು, ಏನಾದ್ರೂ ದಾರಿ ತೋರ್ಸಿ’ ಅಂದ.

ಬುದ್ಧಿ! ನಮ್ಮ ಅಪ್ಪಂದಿರು ಗೌಡರ ಜಗಲಿ ಕೆಳಗೆ ನಿಂತು ಆಡಿದ ಮಾತು ಅದು. ‘ಹಾಗನ್ಬೇಡ ಕಣಣ್ಣಾ, ನಾವೂ ಕೇರಿ ಹುಡುಗ್ರೇ’ ಅಂದೆವು. ‘ಆದ್ರೂ ಓದ್ದೋರಲ್ವ ಬುದ್ಧಿ’ ಅಂದ. ನಮಗೆ ಉತ್ತರ ಬರಲಿಲ್ಲ.

ಬೆಳಗಿನ ಜಾವ ಐದು ಜನ ಹೊರಟೆವು. ಅಲ್ಲಿ ತೂಕ ನೋಡಿದರು, ಬೆರಳು ಚುಚ್ಚಿದರು. ರಕ್ತ ಕೊಡೋರಿಗೆ 45 ಕೆ.ಜಿ. ತೂಕ ಇರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ನಮ್ಮಲ್ಲಿ ಒಬ್ಬ ತೂಕದಲ್ಲಿ ಬಿದ್ದ. ಇನ್ನೊಬ್ಬ ನಮ್ಮ ಹಾಸ್ಟೆಲಿನ ಕಬಡ್ಡಿ ಆಟಗಾರ, ಅವನಿಗೆ ಇದ್ದದ್ದು ಹತ್ತೂವರೆ. ಅವನು ತಲೆ ತಗ್ಗಿಸಿ ಕೂತ. ತಲೆ ತಗ್ಗಿಸಬೇಕಾದ್ದು ಅವನಲ್ಲ, ನೀರು ಸಾರಿನ ಹಾಸ್ಟೆಲು ಊಟ. ಉಳಿದ ಮೂವರು ಕೊಟ್ಟೆವು. ತಾಯಿ ಉಳಿದಳು, ಮಗು ಉಳಿಯಿತು. ಇದನ್ನು ಹೆಚ್ಚುಗಾರಿಕೆಗೆ ಹೇಳ್ತಿಲ್ಲ. ಅವನು ಬಂದಾಗ ಹಾಸ್ಟೆಲಿಗೆ ಬೇಸಿಗೆ ರಜ ಇದ್ದಿದ್ದರೆ?

ಕೆಲವು ಗೆಳೆಯರು ಕೇಳ್ತಾರೆ: ‘ಸರ್ಕಾರ ಮಾಡಬೇಕಾದ್ದನ್ನ ನಾವ್ಯಾಕೆ ಮಾಡ್ಬೇಕು? ಸೇವೆ ಅಂತ ಹೊರಟರೆ ಹೋರಾಟ ತಣ್ಣಗಾಗುತ್ತೆ.’ ಈ ಮಾತನ್ನು ತಳ್ಳಿಹಾಕುವಂತಿಲ್ಲ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಆಪರೇಷನ್ನು, ಔಷಧಿ, ಊಟ, ವಾಹನ, ರಕ್ತ ಎಲ್ಲವೂ ಪುಕ್ಕಟೆ. ಆ ಅಣ್ಣನಿಗೆ ಇದು ಗೊತ್ತಿರಲಿಲ್ಲ. ನಾಚಿಕೆಯ ಮಾತೆಂದರೆ ನಮಗೂ ಗೊತ್ತಿರಲಿಲ್ಲ. ವಾರ್ಡಿಗೆ ಹೋಗದೆ ಇದ್ದರೆ ಇವತ್ತಿಗೂ ಗೊತ್ತಾಗ್ತಿರಲಿಲ್ಲ. ರೋಗಿಯ ಪಕ್ಕ ಕೂತವನಿಗೇ ಯಾವ ಬಾಗಿಲು ಬಡೀಬೇಕು ಅನ್ನೋದು ತಿಳಿಯುತ್ತದೆ.

ಆಸ್ಪತ್ರೆಯ ಬಾಗಿಲು ನಮಗೆ ತಾನಾಗಿ ತೆರೆದದ್ದಲ್ಲ. ಕಾಠಿಯಾವಾಡದ ಒಬ್ಬ ದಲಿತ ಮೇಷ್ಟ್ರ ಕಥೆಯನ್ನು ಬಾಬಾಸಾಹೇಬರು ಎತ್ತಿ ಬರೆದಿದ್ದಾರೆ. 1929ರ ಡಿಸೆಂಬರಿನಲ್ಲಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಬಂದ ಪತ್ರ ಅದು. ಬಾಣಂತಿ ಹೆಂಡತಿಗೆ ಕಾಯಿಲೆ. ಕೇರಿಯೊಳಕ್ಕೆ ಬರಲ್ಲ ಅಂದ ಡಾಕ್ಟರು, ಅವಳನ್ನು ಹೊರಗೆ ತರಿಸಿದ. ಥರ್ಮಾಮೀಟರನ್ನು ಒಬ್ಬ ಮುಸಲ್ಮಾನರ ಕೈಗೆ ಕೊಟ್ಟ, ಅವರು ಗಂಡನಿಗೆ, ಗಂಡ ಹೆಂಡತಿಗೆ. ಎರಡು ರೂಪಾಯಿ ಫೀಜು ಪಡೆದವನು ಮತ್ತೆ ಬರಲಿಲ್ಲ. ಆಕೆ ಸತ್ತಳು. ಅದಕ್ಕೂ ಮೊದಲು, 1897ರಲ್ಲಿ ಪುಣೆಗೆ ಪ್ಲೇಗು ಬಂದಾಗ, ಸಾವಿತ್ರಿಬಾಯಿ ಫುಲೆ ಮಹಾರ್ ಕೇರಿಯ ಹುಡುಗನನ್ನು ತಾನೇ ಹೊತ್ತು ಚಿಕಿತ್ಸೆಗೆ ತಂದಳು. ಪ್ಲೇಗು ಅಂಟಿ ಮಾರ್ಚ್ 10ರಂದು ತೀರಿಕೊಂಡಳು. ನಾವು ಯಾರ ಮಕ್ಕಳು ಅನ್ನೋದನ್ನ ನಾವೇ ತೀರ್ಮಾನಿಸಬೇಕು.

ಅಸ್ಪೃಶ್ಯತೆಯ ಕಾರಣಕ್ಕೆ ಆಸ್ಪತ್ರೆಗೆ ಸೇರಿಸದಿರುವುದು 1955ರ ಕಾಯಿದೆಯ 5ನೇ ಕಲಮಿನಂತೆ ಅಪರಾಧ. 1992ರಲ್ಲಿ ಬಂಗಾಳದ ಹಕೀಮ್ ಶೇಖ್ ರೈಲಿಂದ ಬಿದ್ದು ತಲೆ ಒಡೆದುಕೊಂಡಾಗ, ಕಲ್ಕತ್ತೆಯ ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಹಾಸಿಗೆ ಇಲ್ಲ ಅಂತ ವಾಪಸು ಕಳಿಸಿದವು. ಅವರು ಕೃಷಿ ಕೂಲಿಕಾರರ ಸಂಘದವರು. ಸಂಘ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸರ್ಕಾರಿ ಆಸ್ಪತ್ರೆ ಸಮಯಕ್ಕೆ ಚಿಕಿತ್ಸೆ ಕೊಡದಿದ್ದರೆ ಅದು ಬದುಕುವ ಹಕ್ಕಿನ ಉಲ್ಲಂಘನೆ ಅಂತ 1996ರಲ್ಲಿ ತೀರ್ಪಾಯಿತು. ಸಂಘ ಇದ್ದದ್ದಕ್ಕೆ ತೀರ್ಪು ಬಂತು. ಒಬ್ಬೊಬ್ಬರೇ ಅತ್ತಿದ್ದರೆ ಬರ್ತಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಏಪ್ರಿಲ್ 14ಕ್ಕೆ ನಾವು ರಕ್ತದಾನ ಶಿಬಿರ ಮಾಡ್ತೀವಿ, ಅರವತ್ತು ಜನ ಒಂದೇ ದಿನ ತೋಳು ಚಾಚ್ತೀವಿ. ಮಾಮೂಲಿ ಚೀಲದಲ್ಲಿ ಇಡೀ ರಕ್ತ ಇರೋದು 35 ದಿನ. ಮೇ 19ಕ್ಕೆ ಅದರ ಆಯಸ್ಸು ಮುಗೀತು. ಕೊಟ್ಟ ಗಂಡಸು ಮತ್ತೆ ಕೊಡೋದಕ್ಕೆ 90 ದಿನ ಕಾಯಬೇಕು, ಅಂದರೆ ಜುಲೈ 13. ಹೆಂಗಸರಾದರೆ 120 ದಿನ. ನಡುವಿನ ಎಂಟು ವಾರದಲ್ಲಿ ಬರೋ ಬಸುರಿಗೆ ಏನು ಕೊಡ್ತೀವಿ, ಬ್ಯಾನರ್ರೇ? ಅರವತ್ತು ಜನ ಮೂರು ಗುಂಪಾಗಲಿ. ತಿಂಗಳಿಗೆ ಇಪ್ಪತ್ತು ಜನ ಕೊಡಲಿ. ಪ್ರತಿಯೊಬ್ಬನ ಸರದಿ ಮೂರು ತಿಂಗಳಿಗೊಮ್ಮೆ ಬರುತ್ತದೆ. ರಜಕ್ಕೆ ಊರಿಗೆ ಹೋಗುವಾಗ ಹೆಸರು, ಗುಂಪು, ಫೋನು ಬರೆದ ಪಟ್ಟಿಯನ್ನು ಆಸ್ಪತ್ರೆಯಲ್ಲಿ ಕೊಟ್ಟು ಹೋಗೋಣ. ಚೀಲದ ಮೇಲೆ ಗುಂಪು ಬರೆದಿರುತ್ತೆ, ಕೇರಿ ಬರೆದಿರಲ್ಲ. ಗೌಡರ ಮಗನ ಮೈಯಲ್ಲೂ ಹರೀಲಿ ಬಿಡಿ.

ರಕ್ತ ಒಂದೇ ಅಲ್ಲ. ಬೆಳಿಗ್ಗೆ ಚೀಟಿ ಕೌಂಟರಿನ ಹತ್ತಿರ ಇಬ್ಬರು ನಿಂತರೆ ಓದಕ್ಕೆ ಬಾರದ ಅವ್ವಂದಿರು ಬಾಗಿಲಿಂದ ಬಾಗಿಲಿಗೆ ಅಲೆಯೋದು ತಪ್ಪುತ್ತದೆ. ದಿಕ್ಕಿಲ್ಲದ ರೋಗಿಯ ಪಕ್ಕ ಸರದಿ ಪ್ರಕಾರ ರಾತ್ರಿ ಕೂರಬಹುದು. ಇಲ್ಲದ ಔಷಧಿಯನ್ನು ಇಲ್ಲ ಅಂತ ತಾರೀಖು ಹಾಕಿ ಬರೆದಿಡಬಹುದು. ಆ ಕಾಗದ ಹಿಡಕೊಂಡು ಆರೋಗ್ಯ ರಕ್ಷಾ ಸಮಿತಿಯ ಮುಂದೆ ನಿಲ್ಲಬೇಕು. ಆ ಸಮಿತಿಯಲ್ಲಿ ಊರಿನವರಿಗೂ ಜಾಗ ಉಂಟು. ಅಲ್ಲಿ ಗುಡಿಸೋ ನಮ್ಮವ್ವ ಒಳಗೆ ಕೂತು ಮಾತಾಡೋದು ಯಾವಾಗ ಅಂತ ಕೇಳಬೇಕು. ಒಬ್ಬಳೇ ಇಡೀ ವಾರ್ಡು ನೋಡೋ ನರ್ಸಮ್ಮನ ಮೇಲೆ ಕೂಗಾಡಿ ಶೂರರಾಗೋದು ಬೇಡ. ಖಾಲಿ ಹುದ್ದೆ ತುಂಬದವರು ಬೇರೆ ಕಡೆ ಕೂತಿದ್ದಾರೆ. ಕೂಗು ಅಲ್ಲಿಗೆ ಮುಟ್ಟಲಿ.

ಹಾಸ್ಟೆಲಿನ ಊಟದ ಜಗಳವನ್ನೂ ಬಿಡೋದು ಬೇಡ. ಕಾಳು, ಸೊಪ್ಪು, ಮೊಟ್ಟೆ ಕೇಳೋದು ನಾಲಗೆ ಚಪಲಕ್ಕಲ್ಲ. ಹತ್ತೂವರೆ ಇದ್ದ ನಮ್ಮ ಕಬಡ್ಡಿ ಹುಡುಗ ಹನ್ನೆರಡೂವರೆ ಮುಟ್ಟಬೇಕು. ಅವನು ಈ ಸಲವೂ ಬರ್ತೀನಿ ಅಂದಿದ್ದಾನೆ.

ಈ ಭಾನುವಾರ ಬೆಳಿಗ್ಗೆ ಊಟದ ಹಾಲಿನಲ್ಲಿ ಪಟ್ಟಿ ಬರೆಯಲು ಕೂರ್ತೀವಿ. ಪೆನ್ನು ತನ್ನಿ. ಜೈ ಭೀಮ್.