ಬೆರಳು ತೆಗೆಯುವ ಮುನ್ನ ರಕ್ತನಾಳವನ್ನು ನೋಡಬೇಕು

ಶ್ರೀಮಠದ ಜಾತ್ರೆಗೆ ಬರಿಗಾಲಲ್ಲಿ ನಡೆದು ಬರುವ ಮರಳೂರಿನ ಭಕ್ತರೊಬ್ಬರು ಕಳೆದ ವರ್ಷ ದಾರಿಯಲ್ಲಿ ನೂರು ಹೆಜ್ಜೆಗೊಮ್ಮೆ ನಿಂತು ಮೀನಖಂಡವನ್ನು ಒತ್ತಿಕೊಳ್ಳುತ್ತಿದ್ದುದನ್ನು ನಾವು ಕಂಡೆವು. ವಯಸ್ಸು ಮೂವತ್ತೆಂಟು, ಸಕ್ಕರೆ ಕಾಯಿಲೆಯಿಲ್ಲ. ಕೇಳಿದರೆ ‘ವಾಯು’ ಎಂದರು. ಪಾದ ತಣ್ಣಗಿರುತ್ತದೆಂದು ರಾತ್ರಿ ಕೆಂಡದ ಶಾಖ ಕೊಟ್ಟುಕೊಂಡು ಹೆಬ್ಬೆರಳನ್ನು ಸುಟ್ಟುಕೊಂಡರು. ಅದು ಕಪ್ಪಾಯಿತು. ಒಂದು ಆಸ್ಪತ್ರೆಯಲ್ಲಿ ಬೆರಳನ್ನು ತೆಗೆದರು. ಗಾಯ ಮಾಯಲಿಲ್ಲ. ಇನ್ನು ಅರ್ಧ ಪಾದವನ್ನೇ ತೆಗೆಯಬೇಕೆಂದಾಗ ಮನೆಯವರು ನಮ್ಮಲ್ಲಿಗೆ ಬಂದರು. ಅಲ್ಲಿಯವರೆಗೆ ಆ ಕಾಲಿನ ರಕ್ತನಾಳವನ್ನು ಯಾರೂ ಪರೀಕ್ಷಿಸಿರಲಿಲ್ಲ.

ಇದನ್ನು ನಾವು ತಪ್ಪೆಂದೇ ಹೇಳುತ್ತೇವೆ. ರಕ್ತವೇ ತಲುಪದ ಕಡೆ ಕತ್ತರಿಸಿದರೆ ಕತ್ತರಿಸಿದ ಗಾಯಕ್ಕೂ ರಕ್ತವಿರುವುದಿಲ್ಲ. ಆಗ ಬೆರಳಿನಿಂದ ಪಾದಕ್ಕೆ, ಪಾದದಿಂದ ಮೊಣಕಾಲಿಗೆ ಕತ್ತರಿ ಏರುತ್ತಾ ಹೋಗುತ್ತದೆ.

ಅವರಿಗಿದ್ದುದು ಬರ್ಗರ್ ಕಾಯಿಲೆ. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ಎಂಬ ವೈದ್ಯರು ವಿವರಿಸಿದ ಈ ರೋಗದಲ್ಲಿ ಕೈಕಾಲುಗಳ ಸಣ್ಣ ಹಾಗೂ ಮಧ್ಯಮ ಗಾತ್ರದ ರಕ್ತನಾಳಗಳು ಉರಿಯೂತದಿಂದ ಊದಿ, ಒಳಗೆ ರಕ್ತ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತವೆ. ವೃದ್ಧರಲ್ಲಿ ಕಾಣುವಂತೆ ಕೊಬ್ಬು ಕಟ್ಟಿ ಆಗುವ ತಡೆ ಇದಲ್ಲ. ಬರುವುದು ಬಹುತೇಕ ದುಡಿಯುವ ವಯಸ್ಸಿನ ಗಂಡಸರಿಗೆ. ಹೆಚ್ಚುಕಡಿಮೆ ಎಲ್ಲರೂ ತಂಬಾಕು ಬಳಸುವವರೇ. ಮುಚ್ಚುವ ನಾಳಗಳು ಮೊಣಕಾಲಿನ ಕೆಳಗೆ, ಪಾದದವರೆಗೂ ಇರುವುದರಿಂದ ಬೈಪಾಸ್ ಜೋಡಿಸಲು ಕೆಳಗೆ ಒಳ್ಳೆಯ ನಾಳವೇ ಸಿಗುವುದಿಲ್ಲ. ಆದ್ದರಿಂದಲೇ ಬಹುಕಾಲ ಇವರಿಗೆ ಕತ್ತರಿಯೊಂದೇ ಗತಿಯೆಂಬ ಭಾವನೆಯಿತ್ತು.

1964ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಪಾದ ಕೊಳೆಯುತ್ತಿದ್ದ ವೃದ್ಧೆಯೊಬ್ಬರು ಕಾಲು ತೆಗೆಸಿಕೊಳ್ಳಲು ಒಪ್ಪಲಿಲ್ಲ. ಚಾರ್ಲ್ಸ್ ಡಾಟರ್ ಎಂಬ ವೈದ್ಯರು ಆಕೆಯ ತೊಡೆಯ ರಕ್ತನಾಳದೊಳಗೆ ನಳಿಕೆ ತೂರಿಸಿ ಇಕ್ಕಟ್ಟನ್ನು ಅಗಲಗೊಳಿಸಿದರು, ಪಾದ ಉಳಿಯಿತು. ನಮ್ಮ ಜನ ಹೃದಯದ ಚಿಕಿತ್ಸೆಯೆಂದು ಮಾತ್ರ ತಿಳಿದಿರುವ ಆಂಜಿಯೋಪ್ಲಾಸ್ಟಿ ಮೊದಲು ನಡೆದದ್ದು ಕಾಲಿನಲ್ಲಿ! ಇಂದು ತೊಡೆಸಂದಿಗೆ ಮಾತ್ರ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಕೂದಲಿನಂಥ ತಂತಿಯನ್ನು ಮುಚ್ಚಿದ ನಾಳದೊಳಗೆ ದಾಟಿಸಿ, ಅದರ ಮೇಲೆ ಸಣ್ಣ ಬಲೂನನ್ನು ಒಯ್ದು ಉಬ್ಬಿಸುತ್ತಾರೆ. ದೊಡ್ಡ ಕೊಯ್ತವಿಲ್ಲ.

ಹೀಗೆ ತೆರೆದ ನಾಳ ಕೆಲವು ತಿಂಗಳಲ್ಲಿ ಮತ್ತೆ ಇಕ್ಕಟ್ಟಾಗಬಹುದು. ಎಲ್ಲರಲ್ಲಿಯೂ ತಂತಿ ದಾಟುವುದೂ ಇಲ್ಲ. ಹಾಗಿದ್ದರೂ ನಾವು ಇದರ ಪರ. ಗಾಯ ಮಾಯಲು ಬೇಕಾಗುವಷ್ಟು ರಕ್ತ, ಮಾಯ್ದ ಚರ್ಮವನ್ನು ಉಳಿಸಿಕೊಳ್ಳಲು ಬೇಕಾಗುವುದಿಲ್ಲ. ನಾಳ ತೆರೆದಿರುವ ಆ ಕೆಲವು ತಿಂಗಳಲ್ಲಿ ಹುಣ್ಣು ಕೂಡಿಕೊಂಡರೆ ಪಾದ ಗೆದ್ದಂತೆಯೇ.

ಆದರೆ ತಂಬಾಕು ಪೂರ್ಣವಾಗಿ ನಿಲ್ಲದಿದ್ದರೆ ಈ ಶ್ರಮವೆಲ್ಲ ವ್ಯರ್ಥ. ಮರಳೂರಿನ ಆ ಭಕ್ತರು ಬೀಡಿ ಬಿಟ್ಟೆನೆಂದು ಪ್ರಮಾಣ ಮಾಡಿದ್ದರು, ನಿಜವೂ ಹೌದು. ತುಟಿಯೊಳಗೆ ಕಡ್ಡಿಪುಡಿ ಇತ್ತು. ಹೊಗೆಯಿಲ್ಲದ ತಂಬಾಕೂ ಈ ರೋಗಕ್ಕೆ ಇಂಧನವೇ. ದಿನಕ್ಕೊಂದು ಎರಡು ಎಂಬ ರಿಯಾಯಿತಿ ಇಲ್ಲಿಲ್ಲ. ಹಾಗೆಂದು ‘ಮಾಡಿದ್ದುಣ್ಣೋ’ ಎಂದು ರೋಗಿಯನ್ನು ಜರೆಯುವ ನೆಂಟರನ್ನೂ ನಾವು ಒಪ್ಪೆವು. ಜರೆಸಿಕೊಂಡವನು ಕದ್ದು ಹಾಕಿಕೊಳ್ಳುತ್ತಾನೆ, ವೈದ್ಯರ ಮುಂದೆ ಸುಳ್ಳಾಡುತ್ತಾನೆ. ಬಿಡಲು ನೆರವು ಬೇಕಾದವರಿಗೆ 1800-11-2356 ಎಂಬ ಉಚಿತ ರಾಷ್ಟ್ರೀಯ ದೂರವಾಣಿ ಇದೆ.

ತಾಯಂದಿರು ಇದು ಗಂಡಸರ ಮಾತೆಂದು ಪುಟ ಮಗುಚಬಾರದು. ತಕಯಾಸು ಎಂಬ ಇನ್ನೊಂದು ಉರಿಯೂತ ಹೆಚ್ಚಾಗಿ ಎಳೆಯ ಹೆಣ್ಣುಮಕ್ಕಳ ದೊಡ್ಡ ರಕ್ತನಾಳಗಳನ್ನು ಹಿಡಿಯುತ್ತದೆ. ಕೈ ಬೇಗ ಸೋಲುವುದು, ಒಂದು ಕೈಯಲ್ಲಿ ನಾಡಿ ಸಿಗದಿರುವುದು, ಎರಡು ಕೈಗಳ ರಕ್ತದೊತ್ತಡ ಬೇರೆಬೇರೆಯಾಗಿರುವುದು ಅದರ ಕುರುಹುಗಳು. ಅಲ್ಲಿಯೂ ಬಲೂನು ಚಿಕಿತ್ಸೆ ಇದೆ. ಆದರೆ ತುರ್ತು ಇಲ್ಲದಿದ್ದರೆ ಮೊದಲು ಔಷಧದಿಂದ ಉರಿಯೂತ ತಣಿಯಬೇಕು. ಉರಿಯುತ್ತಿರುವ ನಾಳವನ್ನು ಹಿಗ್ಗಿಸಿದರೆ ಅದು ಮತ್ತೆ ಮುಚ್ಚುವ ಸಂಭವ ಹೆಚ್ಚು.

ಬೆರಳು ತೆಗೆಯಬೇಕೆಂದು ಯಾರಾದರೂ ಹೇಳಿದಾಗ, ‘ಡಾಪ್ಲರ್ ಆಗಿದೆಯೇ? ರಕ್ತನಾಳ ತಜ್ಞರು ನೋಡಿದ್ದಾರೆಯೇ?’ ಎಂದು ಕೇಳುವುದು ಅವಿನಯವಲ್ಲ. ಸೋಂಕು ಮೇಲೇರಿ ಜ್ವರ ಬಂದಿದ್ದರೆ ಮಾತ್ರ ಕಾಯುವಂತಿಲ್ಲ. ತುಮಕೂರಿನಿಂದ ಎಪ್ಪತ್ತು ಕಿಲೋಮೀಟರಿನಾಚೆ ಬೆಂಗಳೂರಿನ ಜಯದೇವ ಸಂಸ್ಥೆ, ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆಗಳಲ್ಲಿ ರಕ್ತನಾಳ ತಜ್ಞರಿದ್ದಾರೆ. ಬಿಪಿಎಲ್ ಕಾರ್ಡಿನ ಕುಟುಂಬಗಳು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವಿಗಾಗಿ ಮೊದಲು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ ಶಿಫಾರಸು ಪತ್ರ ಪಡೆಯುವುದು ಲೇಸು.

ಶ್ರೀಮಠದ ಹಿರಿಯರಲ್ಲಿ ನಮ್ಮದೊಂದು ಬಿನ್ನಹವಿದೆ. ಇಂಥ ಕಾಲಿನವರು ಪಾದರಕ್ಷೆ ಧರಿಸಿ ಬಂದರೆ ಹರಕೆಗೆ ಊನವಿಲ್ಲವೆಂದು ಜಾತ್ರೆಗೆ ಮುನ್ನ ತಾವೇ ಹೇಳಬೇಕು. ವೈದ್ಯರು ಹೇಳಿದರೆ ಭಕ್ತರು ಕೇಳುವುದಿಲ್ಲ. ಮರಳೂರಿನ ಆ ಭಕ್ತರಿಗೆ ಬಲೂನು ಚಿಕಿತ್ಸೆಯಾಗಿ, ಹುಣ್ಣು ಮಾಯ್ದು, ಹೆಬ್ಬೆರಳೊಂದನ್ನುಳಿದು ಪಾದ ಉಳಿದಿದೆ. ಈ ವರ್ಷವೂ ಬರಿಗಾಲಲ್ಲೇ ಬರುವೆನೆಂದು ಅವರು ಹಟ ಹಿಡಿದಿದ್ದಾರೆ.