ಹೊಸ ರೇಡರ್‌ನ ಬಲಾಬಲ ಅಳೆಯಲು ಮೊದಲ ಸೀಸನ್ ಸಾಕೇ?

ಪ್ರೊ ಕಬಡ್ಡಿ ಹರಾಜು ಮುಗಿಯುತ್ತಿದ್ದಂತೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಬಡ್ಡಿ ಹುಡುಗರಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಯಾವ ತಂಡಕ್ಕೆ ಯಾವ ಹೊಸಬ ಬಂದ, ಅವನ ಕೈ ಚುರುಕೋ ಕಾಲು ಚುರುಕೋ, ಬೋನಸ್ ಬಿಟ್ಟರೆ ಅವನಲ್ಲಿ ಇನ್ನೇನಿದೆ ಎಂಬ ಮಾತು. 2014ರಲ್ಲಿ ಆರಂಭವಾದ ಈ ಲೀಗ್ ಹಳ್ಳಿಯ ಆಟವನ್ನು ದುಡಿಮೆಯ ದಾರಿಯನ್ನಾಗಿ ಮಾಡಿದೆ. 2024ರ ಹರಾಜಿನಲ್ಲಿ ಕೊನೆಯ ದರ್ಜೆಯ ಆಟಗಾರನ ಮೂಲಬೆಲೆಯೇ 9 ಲಕ್ಷ ರೂಪಾಯಿ. ಹಾಗಾಗಿ ಹೊಸಬನೊಬ್ಬನ ಶಕ್ತಿ, ದೌರ್ಬಲ್ಯಗಳ ತೀರ್ಮಾನ ಅವನ ಮನೆಯ ಅನ್ನಕ್ಕೂ ಸಂಬಂಧಿಸಿದ್ದು. ಆ ತೀರ್ಮಾನಕ್ಕೆ ಮೊದಲ ಸೀಸನ್ ಸಾಕೇ?

ಪರ: ಕೊರತೆ ಬೇಗ ಕಂಡರೆ ಬೇಗ ತಿದ್ದಬಹುದು

ಒಂದು ರೇಡ್‌ಗೆ ಸಿಗುವುದು 30 ಸೆಕೆಂಡು. ಅಷ್ಟರಲ್ಲೇ ಆಟಗಾರನ ಬಗ್ಗೆ ಬಹಳಷ್ಟು ತಿಳಿಯುತ್ತದೆ. ಎಡದಿಂದ ನುಗ್ಗುತ್ತಾನೋ ಬಲದಿಂದಲೋ, ಮೂಲೆಯವನು ಮುಂದೆ ಬಂದಾಗ ಹಿಂದೆ ಸರಿಯುತ್ತಾನೋ ಅಥವಾ ಅವನನ್ನೇ ಮುಟ್ಟಿ ಬರುತ್ತಾನೋ, ಕಾಲು ಸಿಕ್ಕಿಬಿದ್ದ ಮೇಲೂ ನಡುಗೆರೆಯತ್ತ ಮೈ ಚಾಚುತ್ತಾನೋ ಎಂಬುದನ್ನು ಹತ್ತು ಪಂದ್ಯ ನೋಡಿದ ತರಬೇತುದಾರ ಹೇಳಬಲ್ಲ.

ಬೋನಸ್ಸನ್ನೇ ನೋಡಿ. ಎದುರಾಳಿ ಅಂಕಣದಲ್ಲಿ ಕನಿಷ್ಠ ಆರು ಜನ ಇದ್ದರೆ ಮಾತ್ರ ಬೋನಸ್ ಅಂಕ. ಬಾಕ್ ಲೈನ್ ನಡುಗೆರೆಯಿಂದ 3.75 ಮೀಟರ್ ದೂರದಲ್ಲಿದೆ, ಬೋನಸ್ ಗೆರೆ ಅದರಿಂದ ಇನ್ನೂ ಒಂದು ಮೀಟರ್ ಆಚೆ. ಉದ್ದ ಕಾಲಿನ ಹುಡುಗ ಅಲ್ಲಿಗೆ ಪಾದ ಚಾಚಿ ಅಂಕ ಪೇರಿಸಬಹುದು. ಐವರೇ ಉಳಿದಾಗ ಆ ವಿದ್ಯೆ ನಡೆಯದು, ಕೈಯಿಂದಲೋ ಕಾಲಿನಿಂದಲೋ ಮುಟ್ಟಿಯೇ ಬರಬೇಕು. ಎದುರಾಳಿಗಳು ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಸಿಕ್ಕಿಬಿದ್ದರೆ ಸೂಪರ್ ಟ್ಯಾಕಲ್, ಎದುರಾಳಿಗೆ ಎರಡು ಅಂಕ. ಬೋನಸ್ಸಿನ ಮೇಲೇ ನಿಂತ ರೇಡರ್ ಯಾರು, ತಾಳ್ಮೆ ಇಲ್ಲದವನು ಯಾರು ಎಂದು ತಿಳಿಯಲು ಮೂರು ವರ್ಷ ಕಾಯಬೇಕಿಲ್ಲ.

ನಮ್ಮ ಕಡೆಯ ಹುಡುಗರಿಗಂತೂ ಈ ಪರೀಕ್ಷೆ ಬೇಗ ಆದಷ್ಟೂ ಒಳ್ಳೆಯದು. ಊರಿನ ಟೂರ್ನಿಗಳಲ್ಲಿ ಮಣ್ಣಿನ ಮೇಲೆ ಬರಿಗಾಲಲ್ಲಿ ಆಡಿ ಬೆಳೆದವರಿಗೆ ಮ್ಯಾಟ್ ಮತ್ತು ಬೂಟು ಬೇರೆಯೇ ಲೋಕ. ಮಣ್ಣಿನಲ್ಲಿ ಪಾದ ಸ್ವಲ್ಪ ಜಾರಿ ತಿರುಗುತ್ತದೆ, ಮ್ಯಾಟ್ ಮೇಲೆ ಬೂಟು ಕಚ್ಚಿ ನಿಲ್ಲುತ್ತದೆ, ಭಾರವೆಲ್ಲ ಮಂಡಿಗೆ ಬೀಳುತ್ತದೆ. ‘ಹುಡುಗ ಇನ್ನೂ ಚಿಕ್ಕವನು, ನೋಡೋಣ’ ಎಂದು ಮುಂದೂಡಿದರೆ ತಪ್ಪು ಹೆಜ್ಜೆ ಅಭ್ಯಾಸವಾಗಿ, ಮಂಡಿಯೇ ಹೋಗಬಹುದು.

ಪ್ರತಿಭೆಯೂ ಅಷ್ಟೇ ಬೇಗ ಕಾಣಿಸುತ್ತದೆ. 2018ರಲ್ಲಿ ದಬಂಗ್ ಡೆಲ್ಲಿಗೆ ಬಂದಾಗ ನವೀನ್ ಕುಮಾರ್‌ಗೆ 18 ವರ್ಷ. ಓಡುತ್ತಲೇ ಕೈ ಬೀಸಿ ಮುಟ್ಟುವ ಅವರ ವೇಗ ಮೊದಲ ಸೀಸನ್‌ನಲ್ಲೇ ಎದ್ದು ಕಂಡಿತು. ಮರುವರ್ಷ ಅವರ ರೇಡ್ ಅಂಕ 301ಕ್ಕೆ ಏರಿತು.

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಪಾಠವಿದೆ. ದಾವಣಗೆರೆಯ ಕ್ರಿಕೆಟಿಗ ಆರ್. ವಿನಯ್ ಕುಮಾರ್ ಅವರ ಬೌಲಿಂಗ್‌ಗೆ ವೇಗ ಸಾಲದು ಎಂಬ ಮಾತು ಮೊದಲಿನಿಂದಲೂ ಇತ್ತು. ಇಲ್ಲದ ವೇಗದ ಹಿಂದೆ ಓಡದೆ ಅವರು ಸ್ವಿಂಗ್, ನಿಖರತೆ, ನಿಧಾನಗತಿಯ ಎಸೆತಗಳನ್ನು ಪಳಗಿಸಿಕೊಂಡರು. ಕೊರತೆ ಗೊತ್ತಿದ್ದುದರಿಂದಲೇ ಬಲ ಎಲ್ಲಿದೆ ಎಂಬುದೂ ಗೊತ್ತಾಯಿತು.

ಹಳೆಯ ಹೆಸರಿಗೆ ಮಣೆ ಹಾಕಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ಬುಲ್ಸ್ ತೋರಿಸಿದೆ. 2024ರಲ್ಲಿ ‘ಡುಬ್ಕಿ ಕಿಂಗ್’ ಪರ್ದೀಪ್ ನರ್ವಾಲ್ ಅವರನ್ನು ಮರಳಿ ಕರೆತಂದ ತಂಡ 22 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ಕೊನೆಯ ಸ್ಥಾನಕ್ಕಿಳಿಯಿತು. ಸೋಲಿನ ಹೊಣೆ ಒಬ್ಬರದಲ್ಲ. ಆದರೆ ಇಂದಿನ ಕಾಲು, ಇಂದಿನ ಕೈಯನ್ನು ನೋಡಿ ತೂಗಬೇಕೆಂಬ ನಿಯಮ ಹೊಸಬರಿಗೂ ಹಳಬರಿಗೂ ಒಂದೇ. ಜಗಳೂರಿನ ಒಬ್ಬ ತಂದೆ ಮಗನನ್ನು ಕಾಲೇಜು ಬಿಡಿಸಬೇಕೋ ಬೇಡವೋ ಎಂದು ಕೇಳಿದರೆ, ಕಂಡದ್ದನ್ನು ಇದ್ದಂತೆ ಹೇಳುವುದೇ ನಿಜವಾದ ಕಾಳಜಿ.

ವಿರೋಧ: ಸಿಗದ ಅವಕಾಶವನ್ನು ಹುಡುಗನ ಕೊರತೆ ಎನ್ನಬೇಡಿ

ಪರ್ದೀಪ್ ನರ್ವಾಲ್ ಹೆಸರು ಬಂದಿತಲ್ಲ, ಅವರ ಕಥೆಯನ್ನು ಮೊದಲಿನಿಂದ ಓದೋಣ. 2015ರಲ್ಲಿ ಅವರು ಮೊದಲು ತೊಟ್ಟದ್ದು ಬೆಂಗಳೂರು ಬುಲ್ಸ್ ಅಂಗಿಯನ್ನೇ. ಆಡಿದ್ದು ಕೆಲವೇ ಪಂದ್ಯ, ಗಳಿಸಿದ್ದು ಬೆರಳೆಣಿಕೆಯ ಅಂಕ. ಮುಂದಿನ ಸೀಸನ್‌ಗೆ ಅವರು ಪಟ್ನಾ ಪೈರೇಟ್ಸ್ ಸೇರಿದರು. ಪಟ್ನಾ ಸತತ ಮೂರು ಬಾರಿ ಚಾಂಪಿಯನ್ ಆಯಿತು. 2017ರ ಒಂದೇ ಸೀಸನ್‌ನಲ್ಲಿ ಅವರು 369 ರೇಡ್ ಅಂಕ ಗಳಿಸಿದರು. ಮೊದಲ ಸೀಸನ್ ನೋಡಿ ‘ಇವನಲ್ಲಿ ಏನಿಲ್ಲ’ ಎಂದವರು ಕಳೆದುಕೊಂಡದ್ದೆಷ್ಟು!

ಪವನ್ ಸೆಹ್ರಾವತ್ ಅವರದೂ ಹೆಚ್ಚುಕಡಿಮೆ ಇದೇ ಕಥೆ. ಬುಲ್ಸ್‌ನಲ್ಲಿ ಆರಂಭಿಸಿ, ನಡುವೆ ಗುಜರಾತ್ ತಂಡಕ್ಕೆ ಹೋಗಿ, ಅಲ್ಲೂ ಮಿಂಚದೆ, 2018ರಲ್ಲಿ ಬೆಂಗಳೂರಿಗೆ ಮರಳಿದರು. ಆ ಸೀಸನ್‌ನಲ್ಲಿ 271 ರೇಡ್ ಅಂಕ. ಗುಜರಾತ್ ವಿರುದ್ಧದ ಫೈನಲ್‌ನಲ್ಲಿ ಅವರೊಬ್ಬರೇ 22 ಅಂಕ ತಂದರು, 38–33ರಿಂದ ಗೆದ್ದ ಬುಲ್ಸ್‌ಗೆ ಮೊದಲ ಪ್ರಶಸ್ತಿ ಬಂತು. ಮೊದಲ ಸೀಸನ್‌ನ ತೀರ್ಪೇ ಕೊನೆಯದಾಗಿದ್ದರೆ ಕರ್ನಾಟಕದ ಅಭಿಮಾನಿಗಳು ಆ ಸಂಭ್ರಮ ಕಾಣುತ್ತಿರಲಿಲ್ಲ.

ಅಂಕಪಟ್ಟಿ ಎಲ್ಲಿಂದ ಬರುತ್ತದೆಂದೂ ಕೇಳಬೇಕು. ಎರಡು ರೇಡ್ ಬರಿದಾಗಿ ಹೋದರೆ ಮೂರನೆಯದು ‘ಡು ಆರ್ ಡೈ’. ಅಂಕ ತರದಿದ್ದರೆ ರೇಡರ್ ಔಟ್. ಮುಖ್ಯ ರೇಡರ್‌ನನ್ನು ಕಾಪಾಡಲು ಎಷ್ಟೋ ಸಲ ಹೊಸಬನನ್ನೇ ಈ ರೇಡ್‌ಗೆ ಕಳುಹಿಸುತ್ತಾರೆ. ಅವನು ಅಂಕ ತರಲೇಬೇಕು ಎಂಬುದು ಎದುರಾಳಿಗಳಿಗೆಲ್ಲ ಗೊತ್ತು. ಬೆಂಚಿನಿಂದ ತಣ್ಣನೆಯ ಮೈಯಲ್ಲೇ ಎದ್ದು ಬಂದು, ಅತಿ ಕಷ್ಟದ ರೇಡ್ ಮಾಡಿ ಸಿಕ್ಕಿಬಿದ್ದವನ ಅಂಕವನ್ನು ಪಂದ್ಯಪೂರ್ತಿ ಆಡಿದವನ ಅಂಕದ ಪಕ್ಕ ಇಟ್ಟರೆ ಅದು ಅನ್ಯಾಯ. ನವೀನ್‌ಗೆ ಬೇಗ ನೆಲೆ ಸಿಕ್ಕಿತು ನಿಜ. ಆ ಅದೃಷ್ಟ ಎಲ್ಲ ಹೊಸಬರಿಗೂ ಇಲ್ಲ.

ವಿನಯ್ ಕುಮಾರ್ ಅವರ ಉದಾಹರಣೆಯನ್ನು ನಾನೂ ಎತ್ತುತ್ತೇನೆ. ‘ವೇಗವಿಲ್ಲ’ ಎಂಬ ಹಣೆಪಟ್ಟಿ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 2012ರ ಜನವರಿಯಲ್ಲಿ ಪರ್ತ್‌ನಲ್ಲಿ ಆಡಿದ್ದೇ ಅವರ ಮೊದಲ ಟೆಸ್ಟ್, ಅದೇ ಕೊನೆಯದೂ ಆಯಿತು. ಅದೇ ಬೌಲರ್ ನಾಯಕನಾಗಿ ಕರ್ನಾಟಕಕ್ಕೆ 2013–14 ಮತ್ತು 2014–15ರಲ್ಲಿ ರಣಜಿ ಟ್ರೋಫಿ ಗೆದ್ದುಕೊಟ್ಟರು. ತಮಿಳುನಾಡು ವಿರುದ್ಧದ ಎರಡನೆಯ ಫೈನಲ್‌ನಲ್ಲಿ ಐದು ವಿಕೆಟ್ ಕಿತ್ತು ಶತಕವನ್ನೂ ಹೊಡೆದರು. ಪ್ರಥಮ ದರ್ಜೆಯಲ್ಲಿ ಅವರ ವಿಕೆಟ್‌ಗಳು 504. ಒಂದು ಪಂದ್ಯದಿಂದ ಇಂಥವರನ್ನು ಅಳೆಯಲಾದೀತೇ?

ನಮ್ಮ ನಾಲ್ಕು ತಾಲ್ಲೂಕುಗಳ ಹುಡುಗನ ಸ್ಥಿತಿಯನ್ನೂ ನೋಡಿ. ಚನ್ನಗಿರಿಯ ಅಡಿಕೆ ಕೊಯ್ಲಿಗೋ ಜಗಳೂರಿನ ಮೆಕ್ಕೆಜೋಳದ ಕಟಾವಿಗೋ ಮನೆಯವರ ಜೊತೆ ನಿಂತರೆ ಅಭ್ಯಾಸ ನಿಲ್ಲುತ್ತದೆ. ಅವನಿಗೆ ಪಥ್ಯದ ಊಟ, ಫಿಸಿಯೋ, ದಿನವೂ ಮ್ಯಾಟ್ ಸಿಗುವುದೇ ತಂಡದ ಶಿಬಿರ ಸೇರಿದ ಮೇಲೆ. ಹದಿನೆಂಟರ ಮೈ ಇನ್ನೂ ತುಂಬಿಕೊಳ್ಳುತ್ತಿರುತ್ತದೆ. ಮಣ್ಣಿನಿಂದ ಮ್ಯಾಟ್‌ಗೆ ಬರುವುದು ಕಷ್ಟ ಎಂದು ಒಪ್ಪುವವರು, ಒಗ್ಗಿಕೊಳ್ಳಲು ಬೇಕಾದ ಕಾಲವನ್ನೂ ಒಪ್ಪಬೇಕು.

ಮೌಲ್ಯಮಾಪನ ಬೇಡ ಎನ್ನುತ್ತಿಲ್ಲ. ಮೊದಲ ಸೀಸನ್ ಮುಗಿದಾಗ ಅವನ ಹೆಜ್ಜೆ, ಉಸಿರು, ಬೋನಸ್ಸಿನ ಆಸೆ ಎಲ್ಲವನ್ನೂ ಬರೆದಿಡಲಿ. ಜೊತೆಗೆ ಅವನಿಗೆ ಎಷ್ಟು ರೇಡ್ ಸಿಕ್ಕಿದವು, ಅವುಗಳಲ್ಲಿ ‘ಡು ಆರ್ ಡೈ’ ಎಷ್ಟು, ಎದುರಿಗೆ ಎಷ್ಟು ಜನ ಇದ್ದರು ಎಂಬುದನ್ನೂ ಬರೆಯಲಿ. ಉಳಿಸಿಕೊಳ್ಳುವ, ಕೈಬಿಡುವ ನಿರ್ಧಾರ ಎರಡನೆಯ ಸೀಸನ್ ಆದ ಮೇಲೆ ಬರಲಿ. ನಮ್ಮ ತಾಲ್ಲೂಕು ಕ್ರೀಡಾಂಗಣಗಳಲ್ಲಿ ವರ್ಷವಿಡೀ ಮ್ಯಾಟ್ ಹಾಸಿರಲಿ, ಹೇಳಿಕೊಡುವವರು ಇರಲಿ ಎಂದು ಈಗಿನಿಂದಲೇ ಒತ್ತಾಯಿಸೋಣ. ಇಲ್ಲಿಯೇ ಮ್ಯಾಟ್‌ಗೆ ಒಗ್ಗಿಕೊಂಡು ಹೋದ ಹುಡುಗನ ಮೊದಲ ಸೀಸನ್ ಒಗ್ಗಿಕೊಳ್ಳುವುದರಲ್ಲೇ ಕಳೆದುಹೋಗುವುದಿಲ್ಲ.