ಹಾರ ತುರಾಯಿ ಬೇಡ, ತಾರೀಖು ಕೊಡಿ

1/7

ಕಂಪನಿಯ ಹಂಗಿಲ್ಲದೆ ಅಮೆರಿಕದ ಗ್ರೀನ್ ಕಾರ್ಡ್‌ಗೆ ತಾವೇ ಅರ್ಜಿ ಹಾಕಿಕೊಳ್ಳುವವರಿಗೆ ಈ ವಾರದ ಸರಣಿ. ಇಬಿ-1ಎ ಆಗಲಿ, ಎನ್‌ಐಡಬ್ಲ್ಯು ಆಗಲಿ, ಫಾರಂ ಒಂದೇ: ಐ-140. ಅರ್ಜಿದಾರರೂ ನೀವೇ, ಫಲಾನುಭವಿಯೂ ನೀವೇ. ಫಾರಂ ತುಂಬೋಕೆ ಒಂದು ಭಾನುವಾರ ಸಾಕು. ಅದರ ಹಿಂದೆ ಇಡಬೇಕಾದ ದಾಖಲೆ ಜೋಡಿಸೋಕೆ ತಿಂಗಳುಗಟ್ಟಲೆ ಬೇಕು. ಆ ತಿಂಗಳುಗಳನ್ನು ದುಡ್ಡು ಕೊಟ್ಟು ಉಳಿಸಿಕೊಳ್ಳಬಹುದು ಅಂತ ಹೇಳೋ ಅಂಗಡಿಗಳು ಈಗ ನಮ್ಮ ಫೀಡ್ ತುಂಬಾ ಇವೆ. ನನ್ನ ತಕರಾರು ಇರೋದು ಅವುಗಳ ಜೊತೆ.

ಇಷ್ಟೊಂದು ಅವಸರ ಯಾಕೆ ಅಂತ ಊರಲ್ಲಿರೋರು ಕೇಳ್ತಾರೆ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷದ ವೀಸಾಗಳಲ್ಲಿ ಸಾಮಾನ್ಯವಾಗಿ ಶೇ. 7ರ ಮಿತಿ. 2025ರ ಮಧ್ಯದ ವೀಸಾ ಬುಲೆಟಿನ್ ತೆಗೆದು ನೋಡಿ: ಭಾರತದ ಇಬಿ-2 ಸಾಲು 2013ರ ಜನವರಿಯಲ್ಲಿ ನಿಂತಿತ್ತು, ಇಬಿ-1 ಸಾಲು 2022ರ ಫೆಬ್ರವರಿಯಲ್ಲಿ. ನಡುವೆ ಒಂಬತ್ತು ವರ್ಷ. ಎನ್‌ಐಡಬ್ಲ್ಯು ಸೇರೋದು ಇಬಿ-2ಗೆ, ಹಾಗಾಗಿ ನಮ್ಮವರಿಗೆ ಅದು ಮಂಜೂರಾದರೂ ಸಿಗೋದು ಸರದಿಯಲ್ಲಿ ಒಂದು ಜಾಗ ಅಷ್ಟೆ. ಆ ಸರದಿಯಲ್ಲಿ ನಿಂತಿರುವಾಗಲೇ ಮಕ್ಕಳಿಗೆ 21 ತುಂಬಿಬಿಟ್ಟರೆ ಅವರು ಅಪ್ಪ ಅಮ್ಮನ ಅರ್ಜಿಯಿಂದ ಹೊರಗೆ ಬೀಳೋ ಸಾಧ್ಯತೆ ಇದೆ. ಹಳೆಯ ಸರದಿ ತಾರೀಖು ಇಟ್ಟುಕೊಂಡೇ ಇಬಿ-1ಎಗೆ ಹಾರಬಹುದು ಅಂತ ಗೊತ್ತಾದ ದಿನ ಯಾರಿಗಾದರೂ ನಿದ್ದೆ ಬರಲ್ಲ. ಆ ಅವಸರ ನನಗೆ ಅರ್ಥ ಆಗುತ್ತೆ. ಅಂಗಡಿಯವರಿಗೆ ಇನ್ನೂ ಚೆನ್ನಾಗಿ ಅರ್ಥ ಆಗಿದೆ.

2/7

ಇಬಿ-1ಎಗೆ ನೊಬೆಲ್‌ನಂಥ ಒಂದು ದೊಡ್ಡ ಬಹುಮಾನ ಇರಬೇಕು. ಇಲ್ಲವಾದರೆ ಹತ್ತು ಮಾನದಂಡಗಳಲ್ಲಿ ಕನಿಷ್ಠ ಮೂರು ತೋರಿಸಬೇಕು. ಪ್ರಶಸ್ತಿ, ಆಯ್ದವರಿಗೆ ಮಾತ್ರ ಸಿಗೋ ಸದಸ್ಯತ್ವ, ನಿಮ್ಮ ಬಗ್ಗೆ ಮಾಧ್ಯಮದಲ್ಲಿ ಬಂದ ಬರಹ, ಬೇರೆಯವರ ಕೆಲಸಕ್ಕೆ ತೀರ್ಪುಗಾರರಾಗಿದ್ದದ್ದು, ಮಹತ್ವದ ಸ್ವಂತ ಕೊಡುಗೆ, ವಿದ್ವತ್ ಲೇಖನ, ಮುಖ್ಯ ಪಾತ್ರ, ದೊಡ್ಡ ಸಂಬಳ, ಹೀಗೆ. ಅಂಗಡಿಯವರು ಇದನ್ನು ಹೋಟೆಲ್ ಮೆನು ಥರ ಓದ್ತಾರೆ. ಮೂರು ಐಟಂ ಆರ್ಡರ್ ಮಾಡಿ, ನಾವು ತಂದುಕೊಡ್ತೀವಿ ಅಂತ. ಎಂಟ್ರಿ ಫೀ ಕಟ್ಟಿದವರಿಗೆಲ್ಲ ಚಿನ್ನವೋ ಬೆಳ್ಳಿಯೋ ಒಂದು ಬರೋ 'ಜಾಗತಿಕ' ಪ್ರಶಸ್ತಿ. ನೀವು ಒಂದು ಸಾಲೂ ಬರೆಯದ ಪ್ರಬಂಧದಲ್ಲಿ ನಾಲ್ಕನೇ ಲೇಖಕರ ಜಾಗ. ಹೆಸರೇ ಕೇಳದ ಸುದ್ದಿ ತಾಣದಲ್ಲಿ ನಿಮ್ಮದೊಂದು ಫೋಟೊ, ಕೆಳಗೆ 'ದಾರ್ಶನಿಕ ನಾಯಕ'.

ಇದು ನಮಗೆ ಹೊಸದಾ ಹೇಳಿ? ಊರಲ್ಲಿ ದುಡ್ಡು ಕೊಟ್ಟು ಗೌರವ ಡಾಕ್ಟರೇಟ್ ತಂದು, ಬಸ್‌ಸ್ಟ್ಯಾಂಡ್ ಪಕ್ಕ ಫ್ಲೆಕ್ಸ್ ಹಾಕಿಸಿಕೊಂಡವರನ್ನು ನೋಡಿ ನಾವು ನಕ್ಕಿಲ್ವಾ? ಶಾಲು, ಪೇಟ, ಫಲಪುಷ್ಪ, ನೆನಪಿನ ಕಾಣಿಕೆ ಎಲ್ಲದರ ಬಿಲ್ಲೂ ಸನ್ಮಾನಿತರದ್ದೇ ಅಂತ ಗೊತ್ತಿದ್ದೂ ಚಪ್ಪಾಳೆ ತಟ್ಟಿದ್ದೀವಿ. ಅದೇ ನಾವು ಇಲ್ಲಿ ಬಂದು ಅದನ್ನೇ ಡಾಲರ್‌ನಲ್ಲಿ ಕೊಂಡುಕೊಂಡು 'ಪ್ರೊಫೈಲ್ ಬಿಲ್ಡಿಂಗ್' ಅಂತ ಕರೀತೀವಿ.

3/7

ಮೂರು ಟಿಕ್ ಬಿದ್ದರೆ ಮುಗೀತು ಅನ್ನೋದೇ ತಪ್ಪು. 2010ರಲ್ಲಿ ಅಮೆರಿಕದ ಒಂಬತ್ತನೇ ಸರ್ಕಿಟ್ ಮೇಲ್ಮನವಿ ಕೋರ್ಟಿಗೆ ಕಜಾರಿಯನ್ ಅನ್ನೋ ಭೌತವಿಜ್ಞಾನಿಯ ಕೇಸು ಬಂತು. ನಿಯಮದಲ್ಲಿ ಇಲ್ಲದ ಷರತ್ತುಗಳನ್ನು ಮಾನದಂಡದೊಳಗೆ ಅಧಿಕಾರಿಗಳು ತುರುಕಬಾರದು ಅಂತ ಕೋರ್ಟು ಹೇಳಿತು. ಆದರೆ ಅವರು ಪೂರೈಸಿದ್ದು ಎರಡೇ ಮಾನದಂಡ ಅಂತ ಕೇಸನ್ನು ಅವರೇ ಸೋತರು! ಅಲ್ಲಿಂದ ಬಂದದ್ದೇ ಈಗಿನ ಎರಡು ಹಂತದ ಪರಿಶೀಲನೆ. ಮೊದಲು ಎಣಿಸ್ತಾರೆ. ಆಮೇಲೆ ಇಡೀ ಕಡತ ಮುಂದಿಟ್ಟುಕೊಂಡು, ಈ ಮನುಷ್ಯ ತನ್ನ ಕ್ಷೇತ್ರದ ತುದಿಯಲ್ಲಿರೋ ಕೆಲವೇ ಜನರಲ್ಲಿ ಒಬ್ಬನಾ ಅಂತ ಒಟ್ಟಾಗಿ ತೂಗ್ತಾರೆ. ಕೊಂಡ ಪ್ರಶಸ್ತಿ ಮೊದಲ ಹಂತ ದಾಟಿದರೂ ಎರಡನೇ ಹಂತದಲ್ಲಿ ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತೆ. ಹನ್ನೆರಡು ವರ್ಷ ಸುಮ್ಮನೆ ಕೆಲಸ ಮಾಡಿಕೊಂಡಿದ್ದವರಿಗೆ ಅರ್ಜಿಗೆ ಮುಂಚಿನ ಎಂಟು ತಿಂಗಳಲ್ಲಿ ಆರು ಪ್ರಶಸ್ತಿ ಬಂದಿದ್ದರೆ ಓದೋರಿಗೆ ಏನನ್ನಿಸಬೇಕು? ಅಧಿಕಾರಿಗೆ ನಿಮ್ಮ ಕ್ಷೇತ್ರ ಗೊತ್ತಿಲ್ಲದೆ ಇರಬಹುದು, ಕ್ಯಾಲೆಂಡರ್ ಗೊತ್ತಿರುತ್ತೆ.

ಸದಸ್ಯತ್ವದ ಕಥೆಯೂ ಅಷ್ಟೆ. ಐಇಇಇಗೆ ಚಂದಾ ಕಟ್ಟಿದರೆ ಸದಸ್ಯರಾಗಬಹುದು, ಅದನ್ನು ಹಿಡಿದುಕೊಂಡು ಹೋಗಿ ಪ್ರಯೋಜನ ಇಲ್ಲ. ಅದರ ಫೆಲೋ ಅನ್ನಿಸಿಕೊಳ್ಳೋದು ಬೇರೆ ಮಾತು.

4/7

ಈಗ ಪತ್ರಗಳ ವಿಷಯ. ಶಿಫಾರಸು ಪತ್ರ ಕೇಳಿದರೆ ಹತ್ತರಲ್ಲಿ ಎಂಟು ಜನ ಕೊಡೋ ಉತ್ತರ ಒಂದೇ: "ನೀವೇ ಬರೆದು ಕಳಿಸಿ, ನಾನು ಸೈನ್ ಮಾಡ್ತೀನಿ." ಅವರದ್ದು ಸೌಜನ್ಯ, ನಮ್ಮದು ಸಂಕಟ. ಐದು ಪತ್ರ ಒಬ್ಬನೇ ಬರೆದರೆ ಐದರಲ್ಲೂ ಒಂದೇ ವಿಶೇಷಣ, ಒಂದೇ ಉದ್ದದ ಪ್ಯಾರಾ. ಸಹಿ ಮಾತ್ರ ಬೇರೆ. ಪೂರಾ ಪತ್ರ ಬರೆದುಕೊಡಬೇಡಿ ಅಂತ ನನ್ನ ಅಭಿಪ್ರಾಯ. ಏನು ಮಾಡಿದ್ದು, ಯಾವ ವರ್ಷ, ಮುಂಚೆ ಹೇಗಿತ್ತು, ಆಮೇಲೆ ಏನಾಯ್ತು, ಅದನ್ನು ಇವತ್ತೂ ಯಾರು ಬಳಸ್ತಾ ಇದ್ದಾರೆ, ಇಷ್ಟನ್ನು ಒಂದು ಪುಟದಲ್ಲಿ ಕೊಟ್ಟು, "ಸರ್, ಇದರಲ್ಲಿ ನಿಮಗೆ ನೇರವಾಗಿ ಗೊತ್ತಿರೋದನ್ನ ಮಾತ್ರ ನಿಮ್ಮ ಮಾತಲ್ಲಿ ಬರೀರಿ" ಅಂತ ಕೇಳಿ. ಒರಟಾಗಿದ್ದರೂ ಪರವಾಗಿಲ್ಲ, ಅವರ ದನಿ ಇರಲಿ. ಮತ್ತೆ, ಜೊತೆಗೆ ಕೆಲಸ ಮಾಡಿದವರ ನಾಲ್ಕು ಪತ್ರಕ್ಕಿಂತ, ನಿಮ್ಮ ಮುಖವೇ ನೋಡದೆ ನಿಮ್ಮ ಕೆಲಸ ಬಳಸಿಕೊಂಡವರ ಒಂದು ಪತ್ರ ಹೆಚ್ಚು ತೂಕದ್ದು. ಯಾವ ಪತ್ರವಾದರೂ ಒಂಟಿಯಾಗಿ ನಿಲ್ಲಲ್ಲ. ಅದರಲ್ಲಿ ಹೇಳಿದ್ದಕ್ಕೆ ಹಿಂದೆ ಒಂದು ಕಾಗದ ಬೇಕು.

ನಮ್ಮ ಕಡೆಯವರಿಗೆ ಇಲ್ಲಿ ಇನ್ನೊಂದು ತೊಡಕು, ಅದು 'ನಾವು'. ಕೇಳಿದರೆ "ಟೀಮ್ ಮಾಡಿದ್ದು ಸರ್" ಅಂತೀವಿ. ಮನೆಯಲ್ಲಿ ಕಲಿಸಿದ ಮರ್ಯಾದೆ ಅದು, ಬಿಡಬೇಕಾಗಿಲ್ಲ. ಆದರೆ ಹದಿನಾಲ್ಕು ಜನರ ಟೀಮಿನಲ್ಲಿ ಆ ಒಂದು ಭಾಗ ನಿಮ್ಮ ತಲೆಯಿಂದ ಬಂದದ್ದು ನಿಜವಾಗಿದ್ದರೆ ಅದನ್ನು ಬೇರ್ಪಡಿಸಿ ತೋರಿಸಲೇಬೇಕು. ಇಲ್ಲವೋ, ಆ ಜಾಗ ಖಾಲಿ ಬಿಡಿ. ವಿಚಿತ್ರ ಏನು ಗೊತ್ತಾ, ನಿಜವಾಗಿ ಮಾಡಿದವರು ಇಲ್ಲಿ ನಾಚಿಕೊಳ್ತಾರೆ, ಪ್ರಶಸ್ತಿ ಕೊಂಡವರು ನಾಚಿಕೊಳ್ಳಲ್ಲ.

ಹಳೆಯ ಕಂಪನಿಗಳ ರಿಲೀವಿಂಗ್ ಲೆಟರ್‌ನಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆ ಇಷ್ಟೇ ಇರುತ್ತೆ. ಎಚ್‌ಆರ್ ಅದಕ್ಕಿಂತ ಹೆಚ್ಚು ಬರೆದುಕೊಡಲ್ಲ. ಆಗ ಅಂದಿನ ಮ್ಯಾನೇಜರ್, ಈಗ ಎಲ್ಲಿದ್ದರೂ ಸರಿ, ತಾನು ಕಂಡದ್ದನ್ನು ಬರೆಯಬಹುದು. ಕಂಪನಿಯ ಒಳಗಿನ ಡಾಕ್ಯುಮೆಂಟನ್ನು ಮಾತ್ರ ಅನುಮತಿ ಇಲ್ಲದೆ ಎತ್ತಿ ಹಾಕಬೇಡಿ. ಗೋಪ್ಯತೆಯ ಕರಾರಿಗೆ ಸಹಿ ಹಾಕಿರ್ತೀರಿ.

5/7

ಕನ್ನಡದ ಕಾಗದಗಳಿಗೆ ಬರೋಣ, ಇದು ಯಾವ ವಕೀಲರ ಚೆಕ್‌ಲಿಸ್ಟ್‌ನಲ್ಲೂ ಇರಲ್ಲ.

ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಬಂದದ್ದನ್ನು ಅಮ್ಮ ಕತ್ತರಿಸಿ ಇಟ್ಟಿರ್ತಾರೆ. ಪ್ರೀತಿಯಿಂದ, ಅಂಚು ನೀಟಾಗಿ ಕತ್ತರಿಸಿ. ಆ ನೀಟಿನಲ್ಲೇ ಪತ್ರಿಕೆಯ ಹೆಸರು, ತಾರೀಖು, ಪುಟಸಂಖ್ಯೆ ಎಲ್ಲ ರದ್ದಿಗೆ ಹೋಗಿರುತ್ತೆ. ನಿಯಮ ಕೇಳೋದು ಶೀರ್ಷಿಕೆ, ತಾರೀಖು, ಬರೆದವರ ಹೆಸರು. ಮೂರನೆಯದು ನಮ್ಮ ಜಿಲ್ಲಾ ಪುಟಗಳಲ್ಲಿ ಇರೋದೇ ಅಪರೂಪ, 'ನಮ್ಮ ಪ್ರತಿನಿಧಿಯಿಂದ' ಅಂತ ಇರುತ್ತೆ. ಪತ್ರಿಕೆಯ ಕಚೇರಿಗೆ ಬರೆದು, ಇಂಥ ದಿನ, ಇಂಥ ಆವೃತ್ತಿಯಲ್ಲಿ ಪ್ರಕಟವಾಗಿದೆ ಅಂತ ಒಂದು ಪತ್ರ ತರಿಸಿಕೊಳ್ಳೋ ಪ್ರಯತ್ನ ಮಾಡಿ. ಪ್ರಸಾರ ಸಂಖ್ಯೆಯ ದಾಖಲೆಯೂ ಜೊತೆಗಿರಲಿ, ಯಾಕಂದ್ರೆ ನಮ್ಮ ಮನೆಮಾತಾದ ಪತ್ರಿಕೆಯ ಹೆಸರು ಅಲ್ಲಿ ಕೂತ ಅಧಿಕಾರಿ ಕೇಳಿರಲ್ಲ.

ಕನ್ನಡದ ಪ್ರತಿ ಕಾಗದಕ್ಕೂ ಪೂರ್ತಿ ಇಂಗ್ಲಿಷ್ ಅನುವಾದ ಕಡ್ಡಾಯ. ಇದು ಪೂರ್ಣ, ಸರಿಯಾದ ಅನುವಾದ, ಎರಡೂ ಭಾಷೆ ನನಗೆ ಬರುತ್ತೆ ಅಂತ ಅನುವಾದಕರ ಸಹಿ ಇದ್ದರೆ ಆಯ್ತು, ನೋಟರಿ ಬೇಕು ಅಂತ ನಿಯಮದಲ್ಲಿ ಇಲ್ಲ. ನೀವೇ ಮಾಡಿಕೊಳ್ಳದೆ ಬೇರೆಯವರ ಕೈಲಿ ಮಾಡಿಸಿ. ಪೂರ್ತಿ ಅಂದ್ರೆ ಪೂರ್ತಿ: 'ಸಾಧಕ', 'ಹೆಮ್ಮೆಯ ಪುತ್ರ', 'ಅಪ್ರತಿಮ', ಎಲ್ಲವೂ ಇಂಗ್ಲಿಷಿಗೆ ಹೋಗಬೇಕು. ಹೋದಾಗ ಗೊತ್ತಾಗುತ್ತೆ ಆ ವರದಿಯಲ್ಲಿ ನಿಜವಾದ ಸಂಗತಿ ಎಷ್ಟು ಕಡಿಮೆ ಇತ್ತು ಅಂತ.

ಕಲಾವಿದರಿಗೆ ಇದರ ಹತ್ತು ಪಟ್ಟು ಕಷ್ಟ. ಇಬಿ-1ಎ ಬರೀ ಟೆಕ್ಕಿಗಳದ್ದಲ್ಲ, ಕಲೆಯೂ ಅದರಲ್ಲಿದೆ. ಒಬ್ಬ ಯಕ್ಷಗಾನ ಕಲಾವಿದರ ಅಥವಾ ಸಂಗೀತಗಾರ್ತಿಯ ಇಪ್ಪತ್ತು ವರ್ಷ ಇರೋದು ಕರಪತ್ರಗಳಲ್ಲಿ, ಆಹ್ವಾನ ಪತ್ರಿಕೆಗಳಲ್ಲಿ. ಅವುಗಳಲ್ಲಿ ತಿಂಗಳು ಇರುತ್ತೆ, ವಾರ ಇರುತ್ತೆ, ಕೆಲವದರಲ್ಲಿ ತಿಥಿ ನಕ್ಷತ್ರವೂ ಇರುತ್ತೆ, ಇಸವಿ ಇರಲ್ಲ! ತಿರುಗಾಟದಲ್ಲಿ ರಾತ್ರಿಯಿಡೀ ಕುಣಿದದ್ದಕ್ಕೆ ದಾಖಲೆ ಯಾವುದು? ಮೇಳದವರು ಬರೆದುಕೊಡಬೇಕು, ಸಂಘಟಕರು ಬರೆದುಕೊಡಬೇಕು, ವಿಡಿಯೊ ಇದ್ದರೆ ಯಾವ ದಿನದ್ದು ಅಂತ ಗೊತ್ತಿರಬೇಕು. ಸನ್ಮಾನದ ಶಾಲು ಎಷ್ಟಿದ್ದರೂ ಪ್ರಶಸ್ತಿ ಅಲ್ಲ. ಯಾರು ಆಯ್ಕೆ ಮಾಡಿದ್ರು, ಎಷ್ಟು ಜನರ ನಡುವೆ, ಯಾವ ಆಧಾರದ ಮೇಲೆ ಅನ್ನೋದಕ್ಕೆ ಕಾಗದ ಇರೋದೇ ಪ್ರಶಸ್ತಿ. ಇಂಥವರ ಅರ್ಜಿ ಬಿದ್ದುಹೋಗೋದು ಪ್ರತಿಭೆಯ ಕೊರತೆಯಿಂದಲ್ಲ, ಇಸವಿಯ ಕೊರತೆಯಿಂದ. ನನಗೆ ಅತಿ ಬೇಜಾರಾಗೋದು ಇದೇ.

6/7

ಹೆಸರಿನ ಗೋಜಲು ಬೇಗ ಹೇಳಿ ಮುಗಿಸ್ತೀನಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಊರ ಹೆಸರು ಅಪ್ಪನ ಹೆಸರು ಎರಡೂ ಬಿಡಿಸಿ, ಪ್ರಬಂಧದಲ್ಲಿ ಹಿಂದುಮುಂದು. ಪಾಸ್‌ಪೋರ್ಟ್‌ನ ಒಂದು ಕಾಲಂ ಖಾಲಿ ಬಿಟ್ಟವರಿಗಂತೂ ವೀಸಾದಲ್ಲಿ 'ಎಫ್‌ಎನ್‌ಯು' ಅನ್ನೋ ಹೊಸ ನಾಮಕರಣವೇ ಆಗಿರುತ್ತೆ. ಇವೆಲ್ಲ ಒಬ್ಬರೇ ಅಂತ ಒಂದು ಅಫಿಡವಿಟ್ ಮಾಡಿಸಿ ಮುಂದಕ್ಕೇ ಇಡಿ.

ಸಂಬಳ: ಬೆಂಗಳೂರಿನಲ್ಲಿ ದುಡಿದ ವರ್ಷಗಳದ್ದನ್ನು ಭಾರತದ ಅದೇ ಹುದ್ದೆಯವರ ಸಂಬಳದ ಜೊತೆ ಹೋಲಿಸಿ, ಡಾಲರ್‌ಗೆ ತಿರುಗಿಸಿ ಅಳಬೇಡಿ. ಫಾರಂ 16 ಹುಡುಕಿಟ್ಟುಕೊಳ್ಳಿ. ತೀರ್ಪುಗಾರಿಕೆ: ಜರ್ನಲ್‌ನವರು ಕರೆದ ಮೇಲ್ ಸಾಲದು, ನೀವು ವಿಮರ್ಶೆ ಮುಗಿಸಿಕೊಟ್ಟಿದ್ದಕ್ಕೆ ಬಂದ ಮೇಲ್ ಬೇಕು.

ಎನ್‌ಐಡಬ್ಲ್ಯು ಹಾಕೋರು 2016ರ ಧನಸರ್ ತೀರ್ಮಾನವನ್ನು ಒಮ್ಮೆ ಪೂರ್ತಿ ಓದಿ, ಉದ್ದ ಇಲ್ಲ. ಕೆಲಸಕ್ಕೆ ಮಹತ್ವ ಇದೆಯಾ, ಅದನ್ನು ಮುಂದುವರಿಸೋ ಸಾಮರ್ಥ್ಯ ನಿಮಗಿದೆಯಾ, ಉದ್ಯೋಗದಾತರ ಷರತ್ತು ಬಿಟ್ಟುಕೊಡೋದರಿಂದ ದೇಶಕ್ಕೆ ಲಾಭ ಇದೆಯಾ, ಹೀಗೆ ಮೂರು ಪ್ರಶ್ನೆ. ಅರ್ಜಿದಾರರು ಏರೋಸ್ಪೇಸ್ ಸಂಶೋಧಕರು, ಜೊತೆಗೆ ಮೇಷ್ಟ್ರು. ಸಂಶೋಧನೆಗೆ ರಾಷ್ಟ್ರೀಯ ಮಹತ್ವ ಇದೆ ಅಂತ ಒಪ್ಪಿದರು, ಪಾಠ ಹೇಳೋದು ಅಷ್ಟು ವ್ಯಾಪಕ ಪರಿಣಾಮದ್ದು ಅಂತ ದಾಖಲೆ ತೋರಿಸಿಲ್ಲ ಅಂದರು. ಮೇಷ್ಟ್ರುಗಳ ಮನೆಯಿಂದ ಬಂದವರಿಗೆ ಓದುವಾಗ ಸ್ವಲ್ಪ ಚುಚ್ಚುತ್ತೆ. ಆದರೂ ವ್ಯವಸ್ಥೆ ಹೇಗೆ ಓದುತ್ತೆ ಅಂತ ತಿಳಿಯೋದಕ್ಕೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ.

7/7

"ಎಲ್ಲರೂ ಮಾಡ್ತಾರೆ, ನಾವೊಬ್ಬರು ಸತ್ಯಹರಿಶ್ಚಂದ್ರ ಆಗಿ ಏನು ಬಂತು" ಅನ್ನೋ ಕಾಮೆಂಟ್ ಬರುತ್ತೆ ಅಂತ ಗೊತ್ತು. ಐ-140ರ ಕೊನೆಯಲ್ಲಿ ನೀವು ಸಹಿ ಹಾಕೋದು, ಸುಳ್ಳಾದರೆ ಶಿಕ್ಷೆಗೆ ಒಳಪಡ್ತೀನಿ ಅಂತ ಒಪ್ಪಿಕೊಂಡು. ಅಂಗಡಿಯವರು ಸಹಿ ಹಾಕಲ್ಲ. ಬೇಕಂತಲೇ ಮುಖ್ಯ ವಿಷಯದಲ್ಲಿ ಸುಳ್ಳು ಹೇಳಿದ್ದೀರಿ ಅಂತ ತೀರ್ಮಾನವಾದರೆ ಅದು ತಿರಸ್ಕಾರಕ್ಕೇ ನಿಲ್ಲಲ್ಲ, ಅಮೆರಿಕಕ್ಕೆ ಪ್ರವೇಶಾರ್ಹತೆಯೇ ಜೀವನಪೂರ್ತಿ ಹೋಗಬಹುದು, ವಿನಾಯಿತಿಗೆ ದಾರಿ ತೀರಾ ಕಿರಿದು. ಸುಮ್ಮನೆ ತಿರಸ್ಕೃತವಾದ ಪ್ರಾಮಾಣಿಕ ಅರ್ಜಿಯನ್ನು ಮುಂದಿನ ವರ್ಷ ಇನ್ನಷ್ಟು ಗಟ್ಟಿ ಮಾಡಿ ಮತ್ತೆ ಹಾಕಬಹುದು. ಮಕ್ಕಳಿಗಾಗಿ ಅಂತಲೇ ಅವಸರ ಮಾಡೋರು ಈ ಎರಡರ ವ್ಯತ್ಯಾಸ ಒಮ್ಮೆ ಕೂತು ಯೋಚಿಸಬೇಕು. ಇನ್ನೊಂದು, ಹೀಗೆ ಕೊಂಡ ಕಡತಗಳು ಹೆಚ್ಚಾದಷ್ಟೂ ನಿಜವಾದ ಕಡತವನ್ನೂ ಅನುಮಾನದಿಂದಲೇ ಓದ್ತಾರೆ. ಪೆಟ್ಟು ಬೀಳೋದು ನಮ್ಮ ಹಿಂದೆ ಬರೋ ಹುಡುಗ ಹುಡುಗಿಯರಿಗೆ.

ಅನುಮಾನ ಬಂದರೆ ಹೆಚ್ಚಿನ ಸಾಕ್ಷ್ಯ ಕೇಳಿ ನೋಟಿಸ್ ಬರಬಹುದು. ಉತ್ತರಕ್ಕೆ ಹೆಚ್ಚೆಂದರೆ 12 ವಾರ ಸಿಗುತ್ತೆ. ಆ 12 ವಾರದಲ್ಲಿ ಹುಬ್ಬಳ್ಳಿಯ ಹಳೆ ಪತ್ರಿಕೆ, ಮೈಸೂರಿನ ಗೈಡ್, ಮುಚ್ಚಿಹೋದ ಸ್ಟಾರ್ಟಪ್‌ನ ಬಾಸ್ ಎಲ್ಲರನ್ನೂ ಹಿಡಿಯೋದು ಆಗಲ್ಲ, ಈಗಲೇ ಶುರು ಮಾಡಿ. ಅರ್ಜಿ ಹಾಕೋದು ಎರಡು ವರ್ಷದ ಮೇಲಾದರೂ ಒಂದು ಫೋಲ್ಡರ್ ಇವತ್ತೇ ತೆರೀರಿ, ಫೈಲ್ ಹೆಸರಿನ ಮೊದಲು ಇಸವಿ ಹಾಕಿ. ಮೂಲಪ್ರತಿ ಕಳಿಸಬೇಡಿ, ಕೇಳೋತನಕ ಜೆರಾಕ್ಸ್ ಸಾಕು.

ಮನೆಗೆ ಇವತ್ತೇ ಫೋನ್ ಮಾಡಿ ಹೇಳಿ: ಪೇಪರ್‌ನಲ್ಲಿ ಏನಾದ್ರೂ ಬಂದ್ರೆ ಕತ್ತರಿಸಬೇಡಿ, ಪೂರ್ತಿ ಪುಟ ಎತ್ತಿಡಿ ಅಂತ.

ಮುಂದಿನ ವಾರ ಜನನ ಪ್ರಮಾಣಪತ್ರ. ನಿಮ್ಮದರಲ್ಲಿ ಹೆಸರಿನ ಜಾಗ ಖಾಲಿ ಇದ್ದರೆ ಕಾಮೆಂಟ್‌ನಲ್ಲಿ ಹೇಳಿ, ಅದನ್ನೂ ಸೇರಿಸ್ತೀನಿ.

#ಕಡತ #ಗ್ರೀನ್‌ಕಾರ್ಡ್ #ಕನ್ನಡಿಗರು